ಪರಿಚಾರಕನ ಆರೋಗ್ಯ: ಬ್ರಹ್ಮಗಿರಿಯ ಬಂಡೆಯಿಂದ ಬಳ್ಳಾರಿಯ ಪ್ರಯೋಗದವರೆಗೆ

ರೋಗಿಯ ಆರೋಗ್ಯವನ್ನು ವಿಚಾರಿಸುವುದು ಲೋಕರೂಢಿ. ರೋಗಿಯ ಬಳಿ ಹಗಲಿರುಳು ಕುಳಿತಿರುವವರ ಆರೋಗ್ಯವನ್ನು ವಿಚಾರಿಸುವವರು ವಿರಳ. ಮನೆಗೆ ಬಂದ ನೆಂಟರು ಹಾಸಿಗೆ ಹಿಡಿದ ಹಿರಿಯರ ಕೈಹಿಡಿದು ಎರಡು ಮಾತನಾಡಿ, ಹಣ್ಣಿನ ಚೀಲವನ್ನು ಕೆಳಗಿಟ್ಟು, ಕಾಫಿ ಕುಡಿದು ಹೊರಡುತ್ತಾರೆ. ಆ ಕಾಫಿಯನ್ನು ತಂದುಕೊಟ್ಟ ಸೊಸೆ ಎಷ್ಟು ರಾತ್ರಿಗಳಿಂದ ನಿದ್ದೆ ಮಾಡಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಕೆಲವು ತಿಂಗಳ ನಂತರ ಆಕೆಯೇ ಸಣ್ಣ ಮಾತಿಗೆ ಸಿಡುಕುವವಳಾದಾಗ, ಇಲ್ಲವೆ ಮಾತೇ ಆಡದವಳಾದಾಗ, 'ಸೇವಾಭಾವ ಕಡಿಮೆಯಾಯಿತು' ಎಂಬ ಆಕ್ಷೇಪ ಮಾತ್ರ ಕೇಳಿಬರುತ್ತದೆ. ಈ ಆಕ್ಷೇಪ ನ್ಯಾಯವೇ ಎಂಬ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸವೂ ನಮ್ಮ ಆಚಾರ್ಯರ ಶಾಸ್ತ್ರವೂ ಬಹಳ ಹಿಂದೆಯೇ ಉತ್ತರ ಕೊಟ್ಟಿವೆ.

ಬಂಡೆಯ ಮೇಲಿನ ಮೊದಲ ಮಾತು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬಿ.ಜಿ. ಕೆರೆ ಎಂಬ ಊರಿದೆ. ಶೇಂಗಾ ಬೆಳೆಯುವ ಬಯಲು, ಆಗಾಗ ಕೈಕೊಡುವ ಮಳೆ, ನಡುನಡುವೆ ತಲೆಯೆತ್ತಿ ನಿಂತ ಕಲ್ಲುಗುಡ್ಡಗಳು, ಇದು ಆ ಸೀಮೆಯ ಲಕ್ಷಣ. ಬಿ.ಜಿ. ಕೆರೆ ಸೇರಿರುವ ಮೊಳಕಾಲ್ಮುರು ತಾಲ್ಲೂಕಿನಲ್ಲಿಯೇ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಕಿರುಬಂಡೆ ಶಾಸನಗಳು ದೊರೆತಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಿಂದ ಈ ಸ್ಥಳವು ದಕ್ಷಿಣ ಭಾರತದ ಪುರಾತತ್ತ್ವದಲ್ಲಿ ಶಾಶ್ವತವಾದ ಹೆಸರನ್ನು ಪಡೆಯಿತು.

ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಈ ಶಾಸನವನ್ನು ಬರೆದವನು ಚಪಡನೆಂಬ ಲಿಪಿಕಾರ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿಯ ಮಹಾಮಾತ್ರರೂ ಇಸಿಲ ಎಂಬಲ್ಲಿದ್ದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶವಿದು. ಧರ್ಮದಲ್ಲಿ ಪರಾಕ್ರಮ ಮಾಡಬೇಕು, ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಅದು ಸಾಧ್ಯ, ತಾಯಿತಂದೆಯರ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಉಪದೇಶಗಳು ಅದರಲ್ಲಿವೆ. ಆದರೆ ಇವೆಲ್ಲ ಬರುವುದು ಆಮೇಲೆ. ಇಸಿಲದ ಮಹಾಮಾತ್ರರ ಆರೋಗ್ಯವನ್ನು ಕೇಳಬೇಕು, ಅನಂತರ ಆಜ್ಞೆಯನ್ನು ತಿಳಿಸಬೇಕು ಎಂಬುದು ಬ್ರಹ್ಮಗಿರಿಯ ಶಾಸನದ ಆರಂಭ.

ಇದು ರಾಜಪತ್ರದ ಉಪಚಾರವೆಂದು ಹೇಳಿ ಮುಂದೆ ಸಾಗಬಹುದು. ಉಪಚಾರವೆಂಬುದು ನಿಜವೇ. ಆದರೆ ಉಪಚಾರಗಳಿಗೂ ಅರ್ಥವಿರುತ್ತದೆ. ಪ್ರಜೆಗಳ ಹಿತವನ್ನು ನೋಡಿಕೊಳ್ಳುವ ಭಾರ ಯಾರ ಹೆಗಲ ಮೇಲಿದೆಯೋ ಅವರ ಹೆಗಲು ಗಟ್ಟಿಯಾಗಿದೆಯೇ ಎಂದು ವಿಚಾರಿಸಿದ ಮೇಲೆಯೇ ಇನ್ನಷ್ಟು ಭಾರವನ್ನು ಹೊರಿಸಬೇಕೆಂಬ ಕ್ರಮ ಇಲ್ಲಿ ಕಲ್ಲಿನ ಮೇಲೆ ಉಳಿದಿದೆ. ಅದೇ ಶಾಸನದಲ್ಲಿ ಚಕ್ರವರ್ತಿಯು ತಾನು ಉಪಾಸಕನಾದ ಮೇಲೂ ಒಂದು ವರ್ಷ ಕಾಲ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಸಾಮ್ರಾಟನೇ ತನ್ನ ಶಕ್ತಿಯ ಏರಿಳಿತವನ್ನು ಬಹಿರಂಗವಾಗಿ ಹೇಳಿಕೊಂಡಿರುವಾಗ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಒಬ್ಬ ಗೃಹಿಣಿ 'ನನಗೆ ದಣಿವಾಗಿದೆ' ಎನ್ನಲು ನಾಚಬೇಕಾದ ಕಾರಣವಿಲ್ಲ.

ಕಟವಪ್ರದಲ್ಲಿ ಗುರುಶಿಷ್ಯರು

ಅಶೋಕನ ಪಿತಾಮಹ ಚಂದ್ರಗುಪ್ತ ಮೌರ್ಯ. ದಿಗಂಬರ ಪರಂಪರೆಯ ಪ್ರಕಾರ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ಅರಿತ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಸಂಘವನ್ನು ದಕ್ಷಿಣಕ್ಕೆ ಕರೆತಂದರು. ಅವರ ಶಿಷ್ಯನಾಗಿ ದೀಕ್ಷೆ ಪಡೆದ ಚಂದ್ರಗುಪ್ತ ಮುನಿಯು ಶ್ರವಣಬೆಳಗೊಳದ ಚಿಕ್ಕಬೆಟ್ಟವಾದ ಕಟವಪ್ರದಲ್ಲಿ ಗುರುವಿನ ಕೊನೆಯ ದಿನಗಳ ಸೇವೆಗೆ ನಿಂತನು. ಸಂಘವು ದಕ್ಷಿಣಕ್ಕೆ ಬಂದ ಸಂಗತಿಯನ್ನು ಸುಮಾರು ಕ್ರಿ.ಶ. 600ರ ಚಿಕ್ಕಬೆಟ್ಟದ ಶಾಸನವು ಹೇಳುತ್ತದೆ. ಕನ್ನಡದ 'ವಡ್ಡಾರಾಧನೆ'ಯಲ್ಲಿಯೂ ಭದ್ರಬಾಹು ಭಟಾರರ ಕಥೆಯಿದೆ. ಈ ಚಂದ್ರಗುಪ್ತನು ಮೌರ್ಯನೇ ಹೌದೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಕಥೆಯ ನೀತಿಗೆ ಆ ಚರ್ಚೆಯಿಂದ ಬಾಧಕವಿಲ್ಲ.

ಗುರುಗಳು ಆಹಾರವನ್ನು ತ್ಯಜಿಸಿದ್ದಾರೆ. ಶಿಷ್ಯನೂ ಅವರ ಬಳಿಯನ್ನು ಬಿಡದೆ ಉಪವಾಸವಿದ್ದಾನೆ. ನಿರ್ಜನವಾದ ಆ ಕಾಡಿನಲ್ಲಿ ಭಿಕ್ಷೆ ನೀಡುವ ಶ್ರಾವಕರ ಮನೆಗಳೂ ಇಲ್ಲ. ಆಗ ಗುರುಗಳು ಶಿಷ್ಯನಿಗೆ ಕಾಂತಾರ ಭಿಕ್ಷೆಗೆ, ಅಂದರೆ ಕಾಡಿನಲ್ಲಿಯೇ ವಿಧಿಪೂರ್ವಕವಾಗಿ ಚರಿಗೆಗೆ, ಹೋಗಬೇಕೆಂದು ಆಜ್ಞಾಪಿಸಿದರೆಂದು ಪರಂಪರೆಯ ಕಥೆ ಹೇಳುತ್ತದೆ. ಈ ಪ್ರಸಂಗವನ್ನು ನಾವು ಶಿಷ್ಯನ ಭಕ್ತಿಗೆ ಉದಾಹರಣೆಯಾಗಿ ಕೇಳುತ್ತೇವೆ. ಗುರುವಿನ ವಿವೇಕದ ಕಡೆಗೆ ಗಮನ ಹೋಗುವುದು ಕಡಿಮೆ. ಉಪವಾಸವು ಗುರುಗಳು ತಮ್ಮ ಕಾಲವನ್ನರಿತು ತಾವೇ ಸ್ವೀಕರಿಸಿದ ವ್ರತ. ಸೇವೆ ಮಾಡುವವನಿಗೆ ಅದು ವಿಹಿತವಾದುದಲ್ಲ. ಕೊನೆಯ ದಿನಗಳಲ್ಲಿರುವ ಗುರುವು ಪರಿಚಾರಕನ ಹಸಿವನ್ನು ಕೇಳಿ ತಿಳಿದು ಅವನನ್ನು ಊಟಕ್ಕೆ ಕಳುಹಿಸಿದರು.

ನಲವತ್ತೆಂಟು ನಿರ್ಯಾಪಕರು

ಕಥೆಯಲ್ಲಿ ಕಂಡ ಈ ವಿವೇಕವನ್ನು ಶಾಸ್ತ್ರವು ವಿಧಿಯಾಗಿಯೇ ಬರೆದಿಟ್ಟಿದೆ. ಶಿವಾರ್ಯರ 'ಭಗವತೀ ಆರಾಧನಾ' ಶೌರಸೇನಿ ಪ್ರಾಕೃತದ ಪ್ರಾಚೀನ ಗ್ರಂಥ. ಸಲ್ಲೇಖನೆಯನ್ನು ಸ್ವೀಕರಿಸಿದ ಸಾಧುವನ್ನು ಅದು ಕ್ಷಪಕನೆಂದೂ, ಅವನ ಪರಿಚರ್ಯೆಗೆ ನಿಂತ ಸಾಧುಗಳನ್ನು ನಿರ್ಯಾಪಕರೆಂದೂ ಕರೆಯುತ್ತದೆ. ಸಲ್ಲೇಖನೆಯ ವಿಧಿವಿಧಾನ ಈ ಲೇಖನದ ವಿಷಯವಲ್ಲ. ಪರಿಚರ್ಯೆಯ ಭಾರವನ್ನು ಆಚಾರ್ಯರು ಹೇಗೆ ಹಂಚಿದರೆಂಬುದಷ್ಟೇ ಇಲ್ಲಿ ಪ್ರಸ್ತುತ.

ಒಬ್ಬ ಕ್ಷಪಕನಿಗೆ ಉತ್ಕೃಷ್ಟವಾಗಿ ನಲವತ್ತೆಂಟು ನಿರ್ಯಾಪಕರನ್ನು ಆ ಗ್ರಂಥವು ಹೇಳುತ್ತದೆ. ನಾಲ್ಕು ನಾಲ್ಕು ಜನರ ಹನ್ನೆರಡು ತಂಡಗಳು. ದೇಹವನ್ನು ಮುಟ್ಟಿ ಮಗ್ಗುಲು ಬದಲಿಸಿ, ಎಬ್ಬಿಸಿ ಕೂರಿಸುವವರು ನಾಲ್ವರು. ಧರ್ಮಕಥೆಯನ್ನು ಹೇಳುವವರು ನಾಲ್ವರು. ಆಹಾರದ ವ್ಯವಸ್ಥೆಗೆ ನಾಲ್ವರು, ಪಾನಕ್ಕೆ ನಾಲ್ವರು, ಅವುಗಳ ರಕ್ಷಣೆಗೆ ನಾಲ್ವರು. ಮಲಮೂತ್ರಗಳ ಶುದ್ಧಿಗೆ ನಾಲ್ವರು. ಒಳಬಾಗಿಲಿಗೆ ನಾಲ್ವರು, ಸಭೆಯ ಬಾಗಿಲಿಗೆ ನಾಲ್ವರು. ರಾತ್ರಿ ಎಚ್ಚರವಾಗಿರಲು ನಾಲ್ವರು. ಸೀಮೆಯ ಕ್ಷೇಮಸಮಾಚಾರವನ್ನು ಗಮನಿಸಲು ನಾಲ್ವರು. ನೋಡಲು ಬಂದವರಿಗೆ ಹೊರಗೆ ಉಪದೇಶಿಸಲು ನಾಲ್ವರು. ವಾದಕ್ಕೆ ಬಂದವರನ್ನು ಎದುರಿಸಲು ನಾಲ್ವರು. ಹಗಲಿನ ಕೆಲಸದವರೇ ರಾತ್ರಿಯೂ ಎಚ್ಚರವಾಗಿರಲಿ ಎಂದು ಗ್ರಂಥವು ಹೇಳಲಿಲ್ಲ. ನೆಂಟರಿಷ್ಟರಿಗೆ ಉತ್ತರ ಹೇಳುವ ಕೆಲಸವನ್ನು ಕೂಡ ರೋಗಿಯ ಪಕ್ಕದಲ್ಲಿರುವವನ ತಲೆಗೆ ಕಟ್ಟಲಿಲ್ಲ. ರೋಗಿಯಿರುವ ಮನೆಯನ್ನು ನಡೆಸಿದವರಿಗೆ ಇದರ ಮರ್ಮ ಕೂಡಲೇ ತಿಳಿಯುತ್ತದೆ.

ಕಾಲದೋಷದಿಂದ ಇಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಕ್ರಮವಾಗಿ ಇಳಿಸಬಹುದೆಂದೂ ಅದೇ ಗ್ರಂಥ ಅನುಮತಿಸುತ್ತದೆ. ಕೊನೆಗೆ ನಾಲ್ವರಾದರೂ ಆದೀತು, ತೀರಾ ಕಷ್ಟಕಾಲದಲ್ಲಿ ಇಬ್ಬರಾದರೂ ಆದೀತು. ಒಬ್ಬನೇ ಆಗಬಾರದು. ಇದಕ್ಕೆ ಗ್ರಂಥವು ಕೊಡುವ ಕಾರಣ ಮನನೀಯವಾದುದು. ಒಬ್ಬನೇ ನಿರ್ಯಾಪಕನಿದ್ದರೆ ಅವನು ಊಟನಿದ್ರೆಗಳನ್ನು ಬಿಟ್ಟು ಕ್ಷಪಕನ ಬಳಿಯೇ ಕುಳಿತು ತನ್ನನ್ನು ತೊರೆದಂತಾಗುತ್ತದೆ. ಇಲ್ಲವೆ ಭಿಕ್ಷೆಗೆ, ವಿಶ್ರಾಂತಿಗೆ ಎದ್ದುಹೋಗಿ ಕ್ಷಪಕನನ್ನು ತೊರೆದಂತಾಗುತ್ತದೆ. ಎರಡರಲ್ಲಿ ಯಾವುದಾದರೂ ಧರ್ಮವನ್ನೇ ತೊರೆದಂತೆ. ಒಬ್ಬಂಟಿಯಾಗಿ ಸೇವೆ ಮಾಡಿ ಬಳಲಿದವನ ಗುಣದೋಷವನ್ನು ಆಚಾರ್ಯರು ಅಳೆಯಲಿಲ್ಲ. ದೋಷವು ಅವನೊಬ್ಬನನ್ನೇ ನಿಲ್ಲಿಸಿದ ವ್ಯವಸ್ಥೆಯದೆಂದು ಮೊದಲೇ ನಿರ್ಣಯಿಸಿದರು.

ವೈಯಾವೃತ್ತ್ಯವು ತಪಸ್ಸು

ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ ಮತ್ತು ಧ್ಯಾನ ಎಂಬ ಆರು ಅಂತರಂಗ ತಪಸ್ಸುಗಳನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುತ್ತದೆ. ವೈಯಾವೃತ್ತ್ಯವೆಂದರೆ ಸೇವೆ. ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಆಚಾರ್ಯ, ಉಪಾಧ್ಯಾಯ, ತಪಸ್ವಿ ಮೊದಲಾದವರೊಡನೆ ಗ್ಲಾನನು, ಅಂದರೆ ರೋಗಪೀಡಿತನು, ಸೇರಿದ್ದಾನೆ. ಸೇವೆಯನ್ನು ತಪಸ್ಸಿನ ಸಾಲಿಗೆ ಸೇರಿಸಿದ ಮೇಲೆ ತಪಸ್ಸಿನ ನಿಯಮವು ಸೇವೆಗೂ ಅನ್ವಯಿಸಲೇಬೇಕು. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಸೂತ್ರಕಾರರು 'ಶಕ್ತಿಗೆ ತಕ್ಕಂತೆ' ಎಂಬ ಮಿತಿಯನ್ನು ಜೊತೆಗೆ ಇಟ್ಟಿದ್ದಾರೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು.

ಸೇವೆಯ ನಂತರದ ಮೂರು ತಪಸ್ಸುಗಳನ್ನೂ ಗಮನಿಸಬೇಕು. ಸೇವೆ ಮಾಡಿದವನಿಗೆ ಓದಿಗೆ ಹೊತ್ತು ಬೇಕು, ಮಮಕಾರವನ್ನು ಬಿಡಲು ಹೊತ್ತು ಬೇಕು, ಮನಸ್ಸನ್ನು ನಿಲ್ಲಿಸಲು ಹೊತ್ತು ಬೇಕು. ಸೇವೆಯೊಂದೇ ಉಳಿದು ಉಳಿದ ಮೂರೂ ಹೋದ ಮನೆಯಲ್ಲಿ ಸೇವೆಯೂ ಬಹುಕಾಲ ನಿಲ್ಲುವುದಿಲ್ಲ.

ಸುತ್ತುವ ಚಿಂತೆ, ಹೇಳುವ ಆಲೋಚನೆ

ದಣಿದ ದೇಹಕ್ಕೆ ನಿದ್ದೆ ಬರಬೇಕು. ಆದರೆ ಪರಿಚಾರಕನಿಗೆ ಅದೇ ಹೊತ್ತಿನಲ್ಲಿ ಚಿಂತೆ ಎದ್ದು ಕೂರುತ್ತದೆ. 'ಆ ಮಾತ್ರೆಯನ್ನು ತಡವಾಗಿ ಕೊಟ್ಟೆನೇ? ಆ ಮಾತನ್ನು ಆಡಬಾರದಿತ್ತೇ? ನಾಳೆ ಹೆಚ್ಚಾದರೆ ಏನು ಗತಿ?' ಎಂದು ಒಂದೇ ಚಿಂತೆ ಗಾಣದ ಎತ್ತಿನಂತೆ ಸುತ್ತುತ್ತದೆ. ಈ ಅತಿಚಿಂತನೆಯನ್ನು ನಮ್ಮ ಶಾಸ್ತ್ರವು ಆರ್ತಧ್ಯಾನವೆಂದು ಗುರುತಿಸಿ ನಾಲ್ಕು ಬಗೆಯಾಗಿ ವಿಂಗಡಿಸಿದೆ. ಬೇಡವಾದುದು ಬಂದೊದಗಿದಾಗ ಅದು ಹೇಗೆ ತೊಲಗೀತೆಂಬ ಚಿಂತೆ, ಬೇಕಾದುದು ಅಗಲಿದಾಗ ಅದು ಹೇಗೆ ಮರಳೀತೆಂಬ ಚಿಂತೆ, ನೋವಿನ ಚಿಂತೆ, ಮುಂದಿನ ಭೋಗದ ಚಿಂತೆಯಾದ ನಿದಾನ. ಅವ್ರತಿಗೂ ದೇಶವ್ರತಿಗೂ ಆರ್ತಧ್ಯಾನವುಂಟು. ನಿದಾನವೊಂದನ್ನು ಬಿಟ್ಟರೆ ಪ್ರಮತ್ತಸಂಯತನಾದ ಮುನಿಗೂ ಅದು ಬರಬಹುದು. ಆದುದರಿಂದ ಸಾಮಾನ್ಯ ಗೃಹಸ್ಥರು ತಮಗೆ ಇಂಥ ಚಿಂತೆ ಬಂದಿತೆಂದು ತಮ್ಮನ್ನು ಹೀನರೆಂದು ಭಾವಿಸಬೇಕಾಗಿಲ್ಲ. ಬಂದುದನ್ನು ಗುರುತಿಸುವುದು ಮೊದಲ ಕೆಲಸ.

ಆಧುನಿಕ ಮನಶ್ಶಾಸ್ತ್ರವೂ ಇದೇ ಸ್ಥಳಕ್ಕೆ ಬೇರೊಂದು ದಾರಿಯಿಂದ ಬಂದಿದೆ. 1989ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಭಾರಿ ಭೂಕಂಪವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನಃಸ್ಥಿತಿಯನ್ನು ಸೂಸನ್ ನೋಲೆನ್-ಹೂಕ್ಸೆಮಾ ಎಂಬ ವಿದುಷಿಯು ಅದಕ್ಕೆ ಕೆಲವು ದಿನಗಳ ಮೊದಲೇ ಅಳೆದಿದ್ದರು. ಭೂಕಂಪದ ನಂತರ ಮತ್ತೆ ಪರಿಶೀಲಿಸಿದಾಗ, ತಮ್ಮ ದುಃಖವನ್ನೇ ಮೆಲುಕು ಹಾಕುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡಿತು. 1991ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ, ಚಿಂತೆಯ ವಿಷಯದಷ್ಟೇ ಚಿಂತಿಸುವ ರೀತಿಯನ್ನೂ ಚಿಕಿತ್ಸಕರು ಗಮನಿಸತೊಡಗಿದರು. ಬಿಡಿಸಲಾಗದ ಕಗ್ಗಂಟನ್ನು ಇನ್ನಷ್ಟು ಯೋಚಿಸಿದರೆ ಬಿಡಿಸಬಹುದೆಂಬ ಭ್ರಮೆಯೇ ಅತಿಚಿಂತನೆಗೆ ಆಹಾರ. ಸಲಹೆ ಕೇಳಲು ಬಂದವನು ಈ ಭ್ರಮೆಯಲ್ಲಿರುತ್ತಾನೆ. ಅವನ ಕಷ್ಟವನ್ನು ಮನೆಗೆ ಹೊತ್ತೊಯ್ದು ರಾತ್ರಿಯೆಲ್ಲ ಯೋಚಿಸುವ ಸಲಹೆಗಾರನೂ ಅದೇ ಭ್ರಮೆಗೆ ಒಳಗಾಗಿರುತ್ತಾನೆ.

ಇಲ್ಲಿ ಕನ್ನಡದ ಒಂದು ಪದವನ್ನು ಗಮನಿಸಬೇಕು. ರೂಢಿಯಲ್ಲಿ ಆಲೋಚನೆಯೆಂದರೆ ಒಳಗೊಳಗೆ ಯೋಚಿಸುವುದು. ಜೈನಶಾಸ್ತ್ರದಲ್ಲಿ ಆಲೋಚನೆಯೆಂದರೆ ತನ್ನ ದೋಷವನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು. ಅದು ಪ್ರಾಯಶ್ಚಿತ್ತದ ಮೊದಲ ಭೇದ. ಇಂದು ಮನೋವೈದ್ಯಕೀಯದಲ್ಲಿ ಬಳಕೆಯಲ್ಲಿರುವ 'ಆಪ್ತಸಮಾಲೋಚನೆ' ಎಂಬ ಪದವು ಈ ಎರಡನೆಯ ಅರ್ಥಕ್ಕೆ ಹತ್ತಿರವಾಗಿದೆ. ಒಳಗೆ ಸುತ್ತುವ ಮಾತು ಯೋಗ್ಯನಾದ ಒಬ್ಬನ ಕಿವಿಗೆ ಬಿದ್ದಾಗ ಅದಕ್ಕೆ ಆದಿಯೂ ಅಂತ್ಯವೂ ದೊರೆಯುತ್ತವೆ.

ಹಾಗೆ ಹೇಳಿಕೊಳ್ಳುವುದರಲ್ಲಿ ಹತ್ತು ದೋಷಗಳು ಬರಬಹುದೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚಿಡುವುದು, ಗದ್ದಲದ ನಡುವೆ ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳುವುದು, ಒಬ್ಬರು ಹೇಳಿದ್ದನ್ನು ನಂಬದೆ ಹಲವರ ಬಳಿಗೆ ಹೋಗಿ ಕೇಳುವುದು, ಇವು ಅವುಗಳಲ್ಲಿ ಕೆಲವು. ಆಪ್ತಸಮಾಲೋಚಕರ ಕೊಠಡಿಯಲ್ಲಿ ಇಂದಿಗೂ ಇವೇ ಕಾಣುತ್ತವೆ. ಕೇಳುವವನಿಗೂ ಶಾಸ್ತ್ರವು ಕಟ್ಟುಪಾಡು ಹಾಕಿದೆ. ಆಚಾರ್ಯನ ಗುಣಗಳಲ್ಲಿ 'ಅಪರಿಸ್ರಾವಿ' ಎಂಬುದೊಂದು. ಕೇಳಿದ ಗುಟ್ಟು ಅವನಿಂದ ಹೊರಗೆ ಸೋರಬಾರದು. ಬಸದಿಯ ಜಗುಲಿಯಲ್ಲಿ ಹೇಳಿಕೊಂಡ ಮನೆಯ ಕಷ್ಟವು ಮರುದಿನ ಪೇಟೆಯಲ್ಲಿ ಕೇಳಿಬಂದರೆ, ಆ ಊರಿನಲ್ಲಿ ಮತ್ತಾರೂ ಬಾಯಿ ಬಿಡಲಾರರು.

ಚಿಂತೆಗೆ ಕಾಲದ ಮಿತಿಯನ್ನು ಹಾಕುವ ಉಪಾಯವೂ ನಮ್ಮಲ್ಲಿದೆ. ಉತ್ತಮ ಸಂಹನನವುಳ್ಳವನಿಗೂ ಏಕಾಗ್ರತೆಯು ಅಂತರ್ಮುಹೂರ್ತದಷ್ಟೇ ನಿಲ್ಲುತ್ತದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮುಹೂರ್ತವೆಂದರೆ 48 ನಿಮಿಷ. ಕಾಯೋತ್ಸರ್ಗವನ್ನು ಉಸಿರಿನ ಎಣಿಕೆಯಿಂದಲೇ ಅಳೆಯುತ್ತಾರೆ. ಒಂಬತ್ತು ಬಾರಿ ಣಮೋಕಾರ ಮಂತ್ರಕ್ಕೆ 27 ಉಸಿರು, ಹಗಲಿನ ಪ್ರತಿಕ್ರಮಣಕ್ಕೆ 108, ರಾತ್ರಿಯದಕ್ಕೆ 54. ದಿನದ ಲೆಕ್ಕವನ್ನು ಸಂಜೆಗೆ ಮುಗಿಸಿ ದೇಹದ ಮೇಲಿನ ಮಮಕಾರವನ್ನೂ ಇಳಿಸಿಡುವ ಈ ಕ್ರಮವನ್ನು, ಹಗಲೆಲ್ಲ ಪರರ ದುಃಖವನ್ನು ಕೇಳುವವರು ತಮ್ಮ ಕೆಲಸದ ಭಾಗವೆಂದೇ ತಿಳಿಯಬಹುದು. ಆದರೆ ಖಿನ್ನತೆಯು ಬೇರೂರಿದವರಿಗೆ ಇದೇ ಚಿಕಿತ್ಸೆಯೆಂದು ಹೇಳಿ ವೈದ್ಯರಿಂದ ದೂರವಿಡುವುದು ದೊಡ್ಡ ಪ್ರಮಾದ. ಔಷಧಿ ಬೇಕಾದಲ್ಲಿ ಔಷಧಿಯೇ ಬೇಕು.

ಬಳಲಿಕೆಗೆ ದೊರೆತ ಹೆಸರು

ಸೇವೆಯಿಂದ ಬರುವ ಬಳಲಿಕೆಗೆ ಪಾಶ್ಚಾತ್ಯರು 'ಬರ್ನ್‌ಔಟ್' ಎಂಬ ಹೆಸರಿಟ್ಟರು. ಎಣ್ಣೆ ತೀರಿದ ದೀಪದಂಥ ಸ್ಥಿತಿ ಅದು. 1974ರಲ್ಲಿ ಇದನ್ನು ಕುರಿತು ಬರೆದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು ನ್ಯೂಯಾರ್ಕ್ ನಗರದ ಉಚಿತ ಚಿಕಿತ್ಸಾಲಯದಲ್ಲಿ ದುಡಿದ ಮನಶ್ಶಾಸ್ತ್ರಜ್ಞರು. ಉತ್ಸಾಹದಿಂದ ಬಂದ ಸ್ವಯಂಸೇವಕರು ಕೆಲವು ಕಾಲದಲ್ಲಿಯೇ ಬತ್ತಿಹೋಗುವುದನ್ನು ಅವರು ಅಲ್ಲಿ ಕಂಡರು. ಅವರು ತಾವೂ ಅದನ್ನು ಅನುಭವಿಸಿದ್ದರು. 1981ರಲ್ಲಿ ಕ್ರಿಸ್ಟಿನಾ ಮಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದರ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿದಂತಾಗುವುದು, ಕೆಲಸದ ಬಗ್ಗೆ ದೂರಭಾವ ಅಥವಾ ತಿರಸ್ಕಾರ ಬೆಳೆಯುವುದು, ಕಾರ್ಯಸಾಮರ್ಥ್ಯ ಕುಗ್ಗುವುದು. ಆ ಸಂಸ್ಥೆಯು ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಕರೆದಿದೆ. ಆ ವ್ಯಾಖ್ಯೆ ಉದ್ಯೋಗಕ್ಕೆ ಮಾತ್ರ ಸೀಮಿತವಾದರೂ, ಸಂಬಳವಿಲ್ಲದೆ ಮನೆಯಲ್ಲಿ ಸೇವೆ ಮಾಡುವವರ ಸ್ಥಿತಿ ಇದಕ್ಕಿಂತ ಬಹಳ ಬೇರೆಯಲ್ಲವೆಂಬುದನ್ನು ಯಾವ ಕುಟುಂಬವೂ ಬಲ್ಲದು.

ಎರಡನೆಯ ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಮೊದಲು ಕನಿಕರದಿಂದ ಕಣ್ಣೀರಿಟ್ಟವರೇ ನಂತರ ಕಲ್ಲಾಗುತ್ತಾರೆ. ಇದನ್ನು ನಾವು ಸ್ವಭಾವದ ದೋಷವೆಂದು ತೀರ್ಪು ಕೊಡುತ್ತೇವೆ. ವಾಸ್ತವವಾಗಿ ಅದು ಭಾರ ಮಿತಿಮೀರಿತೆಂಬುದರ ಸೂಚನೆ.

ಬಳ್ಳಾರಿಯಲ್ಲಿ ಹಂಚಿದ ಭಾರ

ಭಾರವನ್ನು ಹಂಚಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ಐತಿಹಾಸಿಕ ನಿದರ್ಶನವಿದೆ. ಹಿಂದೆ ಮಾನಸಿಕ ರೋಗಿಗಳಿಗೆ ಇದ್ದ ದಾರಿ ಎರಡೇ, ಮನೆಯ ಮೂಲೆ ಅಥವಾ ದೂರದ ಆಸ್ಪತ್ರೆ. ಬೆಂಗಳೂರಿನ ಹಳೆಯ ಆಶ್ರಯಾಲಯವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಇತ್ತ 1950ರ ದಶಕದಲ್ಲಿ ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಕುಟುಂಬದವರನ್ನೂ ಡೇರೆಗಳಲ್ಲಿ ಜೊತೆಗೆ ಇರಿಸಿಕೊಂಡು ಚಿಕಿತ್ಸೆ ನೀಡಿದ್ದರು. ರೋಗಿಗಳು ಬೇಗ ಮನೆಗೆ ಮರಳಿದರು. ಮನೆಯವರು ಭಯ ಬಿಟ್ಟರು.

1970ರ ದಶಕದಲ್ಲಿ ನಿಮ್ಹಾನ್ಸ್ ತನ್ನ ಗೋಡೆಯನ್ನು ದಾಟಿ ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಅಲ್ಪಾವಧಿಯ ತರಬೇತಿಯಿಂದ ಮಾನಸಿಕ ರೋಗಗಳನ್ನು ಗುರುತಿಸಬಲ್ಲರು, ಸಾಮಾನ್ಯ ಚಿಕಿತ್ಸೆಯನ್ನು ನೀಡಬಲ್ಲರು ಎಂಬುದು ಅಲ್ಲಿಯ ಅನುಭವದಿಂದ ತಿಳಿಯಿತು. 1982ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿಕೊಂಡದ್ದು ಬಳ್ಳಾರಿ. ಮೊಳಕಾಲ್ಮುರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರೂ ಅದರ ಗಡಿ ಬಳ್ಳಾರಿ ಜಿಲ್ಲೆಗೆ ಹೊಂದಿಕೊಂಡಿದೆ, ಬಿ.ಜಿ. ಕೆರೆಯ ಮುಂದೆ ಹಾದುಹೋಗುವ ಹೆದ್ದಾರಿಯು ಬಳ್ಳಾರಿಯನ್ನೇ ಮುಟ್ಟುತ್ತದೆ.

1985ರಿಂದ 1990ರವರೆಗೆ ನಡೆದ ಈ ಪ್ರಯೋಗದಲ್ಲಿ ಕೆಲಸವು ಹಲವು ಕೈಗಳಿಗೆ ಹಂಚಿಹೋಯಿತು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ರೋಗಿಯನ್ನು ಗುರುತಿಸಬೇಕು. ಸಮೀಪದ ಆರೋಗ್ಯ ಕೇಂದ್ರದ ವೈದ್ಯರು ಆಯ್ದ ಕೆಲವು ಔಷಧಿಗಳಿಂದ ಚಿಕಿತ್ಸೆ ನೀಡಬೇಕು. ಕಠಿಣವಾದುದು ಜಿಲ್ಲಾ ಮಟ್ಟದ ತಜ್ಞರ ತಂಡಕ್ಕೆ ಹೋಗಬೇಕು. ಮತ್ತೆ ಔಷಧಿ ತಪ್ಪದಂತೆ ನೋಡಿಕೊಳ್ಳುವುದು ಕಾರ್ಯಕರ್ತರ ಮತ್ತು ಕುಟುಂಬದ ಕೆಲಸ. ಒಬ್ಬನೇ ತಜ್ಞನು ಜಿಲ್ಲೆಯ ದುಃಖವನ್ನೆಲ್ಲ ಹೊರಬೇಕಾಗಲಿಲ್ಲ. ಒಬ್ಬಳೇ ತಾಯಿ ಮಗನನ್ನು ಕರೆದುಕೊಂಡು ಬೆಂಗಳೂರಿಗೆ ಅಲೆಯಬೇಕಾಗಲಿಲ್ಲ. 'ಬಳ್ಳಾರಿ ಮಾದರಿ'ಯೆಂದು ಹೆಸರಾದ ಈ ಪದ್ಧತಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ನಿರ್ಯಾಪಕರ ಪಟ್ಟಿಯನ್ನು ಬಲ್ಲವರಿಗೆ ಈ ಕಾರ್ಯವಿಭಾಗವು ಹೊಸದೆನಿಸದು.

ದೇಶಕ್ಕೆಲ್ಲ ಹಬ್ಬುವಾಗ ಆ ಕಾರ್ಯಕ್ರಮಕ್ಕೆ ಕುಂದುಗಳೂ ಬಂದವು. ಅನೇಕ ಕಡೆ ಹುದ್ದೆಗಳು ಖಾಲಿ ಉಳಿದವು, ಹಣ ಸಕಾಲಕ್ಕೆ ತಲುಪಲಿಲ್ಲ, ಇದ್ದ ಕೆಲವರ ಮೇಲೆಯೇ ಕೆಲಸ ಬಿತ್ತು. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು, ಶುಲ್ಕವಿಲ್ಲ. ರೋಗಿಯೇ ಕರೆಯಬೇಕೆಂದಿಲ್ಲ, ರೋಗಿಯನ್ನು ನೋಡಿಕೊಂಡು ದಣಿದವರೂ ಕರೆಯಬಹುದು.

ಕುಟುಂಬ ಮತ್ತು ಟ್ರಸ್ಟ್‌ಗಳ ಕರ್ತವ್ಯ

ವ್ಯಾಪಾರವನ್ನು ಬಲ್ಲ ಸಮಾಜಕ್ಕೆ ಒಂದು ದೃಷ್ಟಾಂತ ಸಾಕು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ನಾಡಿನಲ್ಲಿ ಹೆಸರಿದೆ. ಯಾವ ಗಿರಣಿಯ ಮಾಲೀಕನೂ ಯಂತ್ರವನ್ನು ನಿಲ್ಲಿಸದೆ ವರ್ಷವಿಡೀ ಓಡಿಸುವುದಿಲ್ಲ. ಅದನ್ನು ನಿಲ್ಲಿಸಿ ಶುಚಿಮಾಡುತ್ತಾನೆ, ಸವೆದ ಭಾಗವನ್ನು ಬದಲಿಸುತ್ತಾನೆ, ವರ್ಷದ ಕೊನೆಗೆ ಲೆಕ್ಕಪುಸ್ತಕದಲ್ಲಿ ಸವಕಳಿಯನ್ನು ಬರೆಯುತ್ತಾನೆ. ಸವಕಳಿ ಬರೆಯದೆ ತೋರಿಸಿದ ಲಾಭ ಸುಳ್ಳು ಲಾಭವೆಂದು ಅವನಿಗೆ ಗೊತ್ತು. ಅದೇ ಮನೆಯಲ್ಲಿ ಹತ್ತು ವರ್ಷ ಅತ್ತೆಮಾವಂದಿರ ಸೇವೆ ಮಾಡಿದ ಹೆಣ್ಣುಮಗಳ ದೇಹಮನಸ್ಸುಗಳ ಸವಕಳಿಗೆ ಮಾತ್ರ ಯಾವ ಪುಟದಲ್ಲಿಯೂ ಜಾಗವಿಲ್ಲ.

ಮನೆಯಲ್ಲಿ ದೀರ್ಘರೋಗಿಯಿದ್ದರೆ ಕುಟುಂಬದವರೆಲ್ಲ ಒಮ್ಮೆ ಕುಳಿತು ಕೆಲಸಗಳನ್ನು ಬರೆದು ಹಂಚಿಕೊಳ್ಳಬೇಕು. ಹಗಲು ನೋಡಿಕೊಳ್ಳುವವರು ರಾತ್ರಿ ಮಲಗಬೇಕು. ಔಷಧಿ ತರುವುದು, ಬಂದವರಿಗೆ ಉತ್ತರ ಹೇಳುವುದು, ವೈದ್ಯರೊಡನೆ ಮಾತನಾಡುವುದು, ಇವುಗಳನ್ನು ಗಂಡಸರು ವಹಿಸಿಕೊಳ್ಳಬೇಕು. ದೂರದ ಊರಿನಲ್ಲಿರುವ ಮಕ್ಕಳು ಹಣ ಕಳುಹಿಸಿದರೆ ಸಾಲದು. ವರ್ಷದಲ್ಲಿ ಕೆಲವು ವಾರ ತಾವೇ ಬಂದು ಪರಿಚಾರಕರಿಗೆ ಬಿಡುವು ಕೊಡಬೇಕು. ಇಬ್ಬರಿಗಿಂತ ಕಡಿಮೆ ಮಾಡಬಾರದೆಂಬ ಶಾಸ್ತ್ರದ ಕಟ್ಟಳೆಯನ್ನು ಗೃಹಸ್ಥರೂ ಪಾಲಿಸಿದರೆ ಅನೇಕ ಮನೆಗಳು ಉಳಿಯುತ್ತವೆ.

ಬಸದಿಗಳ ಟ್ರಸ್ಟ್‌ಗಳು ಚಾತುರ್ಮಾಸದಲ್ಲಿ ತ್ಯಾಗಿಗಳ ಆಹಾರವಿಹಾರದ ವ್ಯವಸ್ಥೆಯನ್ನು ಶ್ರದ್ಧೆಯಿಂದ ಮಾಡುತ್ತವೆ. ಆದರೆ ಅನೇಕ ಕಡೆ ಅದೇ ನಾಲ್ಕು ಮನೆಗಳ ಶ್ರಾವಿಕೆಯರು ನಾಲ್ಕು ತಿಂಗಳೂ ಚೌಕವನ್ನು ನಡೆಸಬೇಕಾಗುತ್ತದೆ. ಸರದಿಯ ಪಟ್ಟಿಯನ್ನು ಮೊದಲೇ ಮಾಡಿ ಗೋಡೆಗೆ ಹಚ್ಚುವುದು ಸುಲಭ. ಊರಿನಲ್ಲಿ ಯಾವ ಮನೆಯಲ್ಲಿ ಯಾರು ಒಬ್ಬರೇ ರೋಗಿಯನ್ನು ನೋಡಿಕೊಳ್ಳುತ್ತಿದ್ದಾರೆಂಬ ಪಟ್ಟಿ ಇನ್ನೂ ಅಗತ್ಯವಾದುದು. ಅಂಥ ಮನೆಗೆ ವಾರಕ್ಕೊಮ್ಮೆ ಇಬ್ಬರು ಹೋಗಿ ಅರ್ಧ ದಿನ ಕುಳಿತರೆ, ಆ ಮನೆಯ ಪರಿಚಾರಕರು ಬಸದಿಗೆ ಬಂದು ಒಂದು ಸಾಮಾಯಿಕವನ್ನಾದರೂ ಮಾಡಿಕೊಳ್ಳಬಹುದು. ಇದಕ್ಕೆ ದೊಡ್ಡ ನಿಧಿ ಬೇಡ.

ವೃತ್ತಿಯಿಂದ ಆಪ್ತಸಮಾಲೋಚಕರಾದವರು, ವೈದ್ಯರು, ಶುಶ್ರೂಷಕಿಯರು ನಮ್ಮ ಸಮಾಜದ ಮನೆಗಳಲ್ಲಿಯೂ ಇದ್ದಾರೆ. ಅವರು ತಮ್ಮ ಕಠಿಣ ಪ್ರಸಂಗಗಳನ್ನು ಅನುಭವಿಗಳಾದ ಹಿರಿಯರ ಮುಂದೆ, ಗುಟ್ಟು ಬಿಡದೆ, ನಿಯತವಾಗಿ ಹೇಳಿಕೊಳ್ಳುವ ಪದ್ಧತಿಯನ್ನು ಆಧುನಿಕ ವೃತ್ತಿಧರ್ಮವೂ ವಿಧಿಸುತ್ತದೆ. ಅದು ಆಲೋಚನೆಯೇ. ದಿನಕ್ಕೆ ಇಷ್ಟೇ ಜನರನ್ನು ನೋಡುತ್ತೇನೆಂಬ ಪರಿಮಾಣವೂ ಒಂದು ಅಣುವ್ರತದಂತೆ; ಮಿತಿಯಿಂದ ಸೇವೆ ಕಡಿಮೆಯಾಗುವುದಿಲ್ಲ, ಬಹುಕಾಲ ನಡೆಯುತ್ತದೆ.

ಬ್ರಹ್ಮಗಿರಿಯ ಬಂಡೆಯ ಮೇಲೆ ಆರೋಗ್ಯದ ಪ್ರಶ್ನೆ ಮೊದಲು, ಧರ್ಮದ ಆಜ್ಞೆ ಆಮೇಲೆ. ಮುಂದಿನ ಬಾರಿ ರೋಗಿಯನ್ನು ನೋಡಲು ಹೋದ ಶ್ರಾವಕಬಂಧುಗಳು ಅಡುಗೆಮನೆಯ ಬಾಗಿಲವರೆಗೂ ಹೋಗಿ, 'ನೀನು ಊಟ ಮಾಡಿದೆಯಾ ತಾಯಿ, ರಾತ್ರಿ ಮಲಗಿದೆಯಾ?' ಎಂದು ಕೇಳಲಿ. ಇಲ್ಲವೆಂಬ ಉತ್ತರ ಬಂದರೆ ಆ ರಾತ್ರಿ ಅಲ್ಲಿಯೇ ಉಳಿದುಕೊಳ್ಳಲಿ.